ಹೆಸರು ಹಿಡಿದು ಕರೆದರೆ ಓಗೊಡುವ ಯಂತ್ರ

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಂಡರೆ ಎರಡು ಬಗೆಯ ಗಿರಾಕಿಗಳು ಕಣ್ಣಿಗೆ ಬೀಳುತ್ತಾರೆ. ಒಬ್ಬರು ದೂರದ ಊರಿನಿಂದ ಬಂದವರು. ಏನು ಬೇಕೆಂದು ಅವರಿಗೇ ಖಚಿತವಿಲ್ಲ. ಅಂಗಡಿಯವನು ಕಪಾಟಿನಿಂದ ಒಂದೊಂದೇ ಸೀರೆ ತೆಗೆದು ಬಿಚ್ಚಿ ಹಾಸುತ್ತಾನೆ, ಅವರು ನೋಡುತ್ತಾರೆ, ತಲೆಯಾಡಿಸುತ್ತಾರೆ, ಮತ್ತೊಂದು ಕೇಳುತ್ತಾರೆ. ಇನ್ನೊಬ್ಬರು ಹತ್ತಿರದ ಹಳ್ಳಿಯ ಹೆಣ್ಣುಮಗಳು. ಅವಳು ಹೊಸ್ತಿಲಲ್ಲೇ ನಿಂತು ಹೇಳುತ್ತಾಳೆ: “ಕಾಕಾ, ಗಿರಿ ಕುಂಕುಮ ಬಣ್ಣದ್ದು ಕೊಡ್ರಿ. ಗೋಮಿ ದಡಿ ಇರ್ಲಿ.” ಕಾಕಾ ಒಂದೇ ಮಾತು ಕೇಳುತ್ತಾನೆ: “ಆರು ವಾರದ್ದೋ ಒಂಬತ್ತು ವಾರದ್ದೋ, ಯವ್ವಾ?” ಉತ್ತರ ಬರುವಷ್ಟರಲ್ಲಿ ಅವನ ಕೈ ಸರಿಯಾದ ಗಂಟಿನ ಮೇಲೆ ಇರುತ್ತದೆ. ಬಣ್ಣ ಹೇಳಿದಾಗ ಅಂಗಡಿಯ ಮುಕ್ಕಾಲು ಸೀರೆಗಳು ಲೆಕ್ಕದಿಂದ ಹೊರಗೆ ಹೋದವು, ದಡಿ ಹೇಳಿದಾಗ ಉಳಿದುದರಲ್ಲಿ ಹೆಚ್ಚಿನವು ಹೋದವು, ಅಳತೆ ಹೇಳಿದಾಗ ಉಳಿದದ್ದು ಒಂದೆರಡು ಮಾತ್ರ.

ಈ ಎರಡು ವಿಧಾನಗಳ ನಡುವಿನ ಜಗ್ಗಾಟವೇ ಕಂಪ್ಯೂಟರಿನ ಅರ್ಧ ಶತಮಾನದ ಚರಿತ್ರೆಯ ಒಂದು ಮುಖ್ಯ ಎಳೆ ಎಂದರೆ ಓದುಗರು ಆಶ್ಚರ್ಯಪಡಬಹುದು. ಹಾಸಿಟ್ಟದ್ದನ್ನು ನೋಡಿ ಬೆರಳು ತೋರಿಸುವುದು ಒಂದು ದಾರಿ. ಹೆಸರು ಹಿಡಿದು ಕರೆಯುವುದು ಇನ್ನೊಂದು ದಾರಿ. ಮೊದಲನೆಯದಕ್ಕೆ ಮೌಸ್ ಬೇಕು, ಎರಡನೆಯದಕ್ಕೆ ಕೀಲಿಮಣೆ ಸಾಕು. ಈ ಎರಡನೆಯ ದಾರಿಯಲ್ಲಿ ನಡೆದ ಒಂದು ಪುಟ್ಟ ತಂತ್ರಾಂಶದ ಕತೆಯನ್ನೂ, ಆ ಕತೆ ನಮ್ಮ ಬಾಗಲಕೋಟೆ ಸೀಮೆಯ ಜನರಿಗೆ, ನಮ್ಮ ಲಿಪಿಗೆ, ನಮ್ಮ ಹೆಸರುಗಳಿಗೆ ಹೇಗೆ ಸಂಬಂಧಿಸಿದೆ ಎಂಬುದನ್ನೂ ಇಲ್ಲಿ ಹೇಳಲು ಪ್ರಯತ್ನಿಸುತ್ತೇವೆ.

ಕೀಲಿಮಣೆಯ ಕಾಲ, ಮೌಸಿನ ಕಾಲ

ಕಂಪ್ಯೂಟರ್ ಎಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಬಣ್ಣಬಣ್ಣದ ಚಿತ್ರಗಳು. ಆದರೆ ಆರಂಭದಲ್ಲಿ ಹಾಗಿರಲಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರ ಎದುರಿಗಿದ್ದದ್ದು ಕಾಗದದ ಮೇಲೆ ಟಕಟಕ ಹೊಡೆಯುವ ಟೆಲಿಟೈಪ್ ಯಂತ್ರ. ಒಂದೊಂದು ಅಕ್ಷರ ಮೂಡಲೂ ಹೊತ್ತು ಹಿಡಿಯುತ್ತಿದ್ದುದರಿಂದ ಅವರು ಆಜ್ಞೆಗಳಿಗೆ ಎರಡೇ ಅಕ್ಷರದ ಚುಟುಕು ಹೆಸರುಗಳನ್ನಿಟ್ಟರು. ಹೆಸರು ಗೊತ್ತಿದ್ದವನಿಗೆ ಯಂತ್ರ ತಕ್ಷಣ ಓಗೊಡುತ್ತಿತ್ತು. ಗೊತ್ತಿಲ್ಲದವನಿಗೆ ಅದು ಮೂಕ.

ಹೆಸರು ಅರ್ಧ ಮಾತ್ರ ನೆನಪಿದ್ದರೆ? ಈ ಪ್ರಶ್ನೆಗೂ ಆ ಕಾಲದಲ್ಲೇ ಉತ್ತರ ಸಿಕ್ಕಿತು. ಬಿಬಿಎನ್ ಎಂಬ ಸಂಸ್ಥೆ ರೂಪಿಸಿದ ಟೆನೆಕ್ಸ್ ಎಂಬ ವ್ಯವಸ್ಥೆಯಲ್ಲಿ ಆಜ್ಞೆಯ ಮೊದಲ ಕೆಲವು ಅಕ್ಷರಗಳನ್ನು ಒತ್ತಿ ಎಸ್ಕೇಪ್ ಕೀಲಿ ಮುಟ್ಟಿದರೆ ಉಳಿದ ಅಕ್ಷರಗಳನ್ನು ಯಂತ್ರವೇ ತುಂಬಿಕೊಡುತ್ತಿತ್ತು. ಮುಂದೆ ಬಂದ ಎಲ್ಲ ‘ಅರ್ಧ ಹೇಳಿದರೆ ಪೂರ್ತಿ ತಿಳಿಯುವ’ ತಂತ್ರಾಂಶಗಳ ಪೂರ್ವಿಕ ಇದು ಎನ್ನಬಹುದು.

ಇನ್ನೊಂದು ಕಡೆ, 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಉರುಳಿಸಿ ಪರದೆಯ ಮೇಲಿನ ಗುರುತನ್ನು ಓಡಾಡಿಸಿ ತೋರಿಸಿದರು. ಅದೇ ಮೌಸ್. 1984ರಲ್ಲಿ ಬಂದ ಮೆಕಿಂತೋಷ್ ಅದನ್ನು ಸಾಮಾನ್ಯರ ಮೇಜಿಗೆ ತಂದಿತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಪರದೆಯ ಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿಯನ್ನಿಟ್ಟು ಅದನ್ನು ಜಗತ್ತಿನ ಎಲ್ಲ ಕಚೇರಿಗಳಿಗೂ ಮುಟ್ಟಿಸಿತು. ಹೆಸರು ಗೊತ್ತಿರಬೇಕಾಗಿಲ್ಲ, ಪಟ್ಟಿ ಬಿಚ್ಚಿ ನೋಡಿ ಬೆರಳು ತೋರಿಸಿದರಾಯಿತು. ಇದು ಸಣ್ಣ ಕ್ರಾಂತಿಯಲ್ಲ. ಕಂಪ್ಯೂಟರನ್ನು ತಜ್ಞರ ಕೈಯಿಂದ ಬಿಡಿಸಿ ಜನಸಾಮಾನ್ಯರ ಕೈಗೆ ಕೊಟ್ಟ ಶ್ರೇಯಸ್ಸು ಇದಕ್ಕೆ ಸಲ್ಲಬೇಕು.

ನಮ್ಮ ಸೀಮೆಯಲ್ಲಿ ಈ ಎರಡೂ ಕಾಲಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಬಾಗಲಕೋಟೆ ವಿಜಾಪುರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಟೈಪಿಂಗ್ ಕಲಿಸುತ್ತಿದ್ದವರು ಆ ದಶಕದಲ್ಲಿ ಒಂದೋ ಎರಡೋ ಕಂಪ್ಯೂಟರ್ ತಂದಿಟ್ಟು ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿಸತೊಡಗಿದ್ದರು. ಲೋಟಸ್ 1983ರಲ್ಲಿ ಬಂದ ಲೆಕ್ಕಪತ್ರದ ತಂತ್ರಾಂಶ. ಓರೆಗೆರೆಯ ಕೀಲಿ ಒತ್ತಿದರೆ ಮೇಲುಗಡೆ ಒಂದು ಸಾಲಿನ ಪಟ್ಟಿ ತೆರೆದುಕೊಳ್ಳುತ್ತಿತ್ತು. ಬೇಕಾದುದರ ಮೊದಲ ಅಕ್ಷರ ಒತ್ತಿದರೆ ಕೆಲಸ ಮುಗಿಯಿತು. ಅಂದು ಕಲಿತ ಹುಡುಗರ ಬೆರಳುಗಳು ಕಣ್ಣಿನ ನೆರವಿಲ್ಲದೆ ಓಡುತ್ತಿದ್ದವು. ಅವರಲ್ಲಿ ಕೆಲವರು ಮುಂದೆ ಡಿಟಿಪಿ ಅಂಗಡಿ ತೆರೆದು ಮದುವೆ ಕಾರ್ಡು, ಉರುಸಿನ ಹ್ಯಾಂಡ್‌ಬಿಲ್ಲು, ಜಾತ್ರೆಯ ಪತ್ರಿಕೆ ಹೊಡೆದು ಸಂಸಾರ ಸಾಗಿಸಿದರು. ವಿಂಡೋಸ್ ಬಂದ ಮೇಲೂ ಅವರು ಮೌಸಿನ ಕಡೆಗೆ ಕೈ ಚಾಚುವುದನ್ನು ಸೋಮಾರಿತನವೆಂದೇ ತಿಳಿಯುತ್ತಿದ್ದುದನ್ನು ನಾವು ಕಂಡಿದ್ದೇವೆ.

ಮರಳಿ ಕೀಲಿಮಣೆಗೆ

ಮೌಸಿನ ದಾರಿ ಸುಲಭ, ಆದರೆ ನಿಧಾನ. ಕಂಪ್ಯೂಟರಿನಲ್ಲಿ ಹತ್ತು ತಂತ್ರಾಂಶಗಳಿದ್ದಾಗ ಪಟ್ಟಿ ಬಿಚ್ಚಿ ನೋಡುವುದು ಸರಿ. ನೂರಾರು ಆದಾಗ? ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು. ಕೈ ಸ್ವಲ್ಪ ಜಾರಿದರೆ ಎಲ್ಲವೂ ಮುಚ್ಚಿಕೊಂಡು ಮೊದಲಿನಿಂದ ಆರಂಭ. ದಿನವಿಡೀ ಕೀಲಿಮಣೆಯ ಮುಂದೆ ಕುಳಿತವನಿಗೆ ಪ್ರತಿ ಸಲ ಕೈಯೆತ್ತಿ ಮೌಸ್ ಹುಡುಕುವುದು ಕಿರಿಕಿರಿ. ಇನ್ನು ಕಣ್ಣು ಕಾಣದವರಿಗಂತೂ ಮೌಸ್ ನಿರುಪಯುಕ್ತ ವಸ್ತು. ಪರದೆಯ ಮೇಲಿನ ಚಿತ್ರಕ್ಕೆ ಬೆರಳು ತೋರಿಸು ಎಂದು ಅಂಧರಿಗೆ ಹೇಳುವುದು ಕ್ರೂರ ಹಾಸ್ಯವಲ್ಲದೆ ಮತ್ತೇನು?

ಆದ್ದರಿಂದ ಹೆಸರು ಹಿಡಿದು ಕರೆಯುವ ಹಳೆಯ ವಿಧಾನ ಹೊಸ ವೇಷದಲ್ಲಿ ಮರಳಿ ಬಂತು. 1990ರ ದಶಕದ ಮಧ್ಯಭಾಗದಲ್ಲಿ ನೆಕ್ಸ್ಟ್‌ಸ್ಟೆಪ್ ಎಂಬ ವ್ಯವಸ್ಥೆಗಾಗಿ ‘ಲಾಂಚ್‌ಬಾರ್’ ಹುಟ್ಟಿತು. ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಎರಡು ಮೂರು ಅಕ್ಷರ ಒತ್ತಿದರೆ ಬೇಕಾದ ತಂತ್ರಾಂಶ ಮುಂದೆ ನಿಲ್ಲುತ್ತದೆ, ಎಂಟರ್ ಒತ್ತಿದರೆ ತೆರೆಯುತ್ತದೆ. 2003ರಲ್ಲಿ ನಿಕೊಲಸ್ ಜಿಟ್ಕಾಫ್ ಎಂಬ ಯುವಕ ‘ಕ್ವಿಕ್‌ಸಿಲ್ವರ್’ ರಚಿಸಿದ. 2005ರಲ್ಲಿ ಆಪಲ್ ‘ಸ್ಪಾಟ್‌ಲೈಟ್’ ತಂದಿತು. 2007ರ ಜನವರಿಯಲ್ಲಿ ಬಂದ ವಿಂಡೋಸ್ ವಿಸ್ತಾ ತನ್ನ ಸ್ಟಾರ್ಟ್ ಪಟ್ಟಿಯ ತಳದಲ್ಲೇ ಹುಡುಕುವ ಪೆಟ್ಟಿಗೆಯನ್ನು ಕೂರಿಸಿತು. ಹೀಗೆ ಹನ್ನೆರಡು ವರ್ಷಗಳೊಳಗೆ, ಬೆರಳು ತೋರಿಸಲು ಜಗತ್ತಿಗೆ ಕಲಿಸಿದ ಗುಂಡಿಯೇ ‘ಹೆಸರು ಹೇಳಿ’ ಎನ್ನತೊಡಗಿತು.

ಒಂದು ಸಾಲಿನ ಪಟ್ಟಿ

ಇವೆಲ್ಲದರ ನಡುವೆ 2006ರಲ್ಲಿ, ಯಾವ ಸದ್ದುಗದ್ದಲವಿಲ್ಲದೆ ‘ಡಿಮೆನು’ ಎಂಬ ತಂತ್ರಾಂಶ ಬಂತು. ಇದರ ಕರ್ತೃ ಜರ್ಮನಿಯ ಆನ್ಸೆಲ್ಮ್ ಗಾರ್ಬೆ. ಅವರು ಮತ್ತು ಗೆಳೆಯರು ಕಟ್ಟಿಕೊಂಡ ‘ಸಕ್‌ಲೆಸ್’ ಎಂಬ ಬಳಗದ ಧ್ಯೇಯ ಬಹಳ ಸರಳ: ತಂತ್ರಾಂಶ ಚಿಕ್ಕದಾಗಿರಬೇಕು, ಒಂದೇ ಕೆಲಸ ಮಾಡಬೇಕು, ಬೇಡದ ಆಡಂಬರ ಇರಕೂಡದು. ಮುಕ್ತ ಪರವಾನಗಿಯಲ್ಲಿ ಬಂದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಳೆಯ, ನೆನಪಿನ ಸಾಮರ್ಥ್ಯ ಕಡಿಮೆಯಿರುವ ಕಂಪ್ಯೂಟರಿನಲ್ಲೂ ಅದು ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ. ಪಟ್ಟಣಗಳ ಕಚೇರಿಗಳು ಹೊರಗೆಸೆದ ಯಂತ್ರಗಳ ಮೇಲೆ ಕಲಿಯಬೇಕಾದ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದು ಕಡೆಗಣಿಸುವ ಸಂಗತಿಯಲ್ಲ.

ಡಿಮೆನು ಮಾಡುವ ಕೆಲಸವಾದರೂ ಏನು? ಅದಕ್ಕೆ ಒಂದು ಪಟ್ಟಿಯನ್ನು ಕೊಡಬೇಕು, ಸಾಲಿಗೊಂದು ಹೆಸರು. ಅದು ಪರದೆಯ ನೆತ್ತಿಯಲ್ಲಿ ಒಂದೇ ಸಾಲಾಗಿ ಅವನ್ನು ತೋರಿಸುತ್ತದೆ. ನಾವು ಅಕ್ಷರ ಒತ್ತಿದಂತೆಲ್ಲ ಹೊಂದದ ಹೆಸರುಗಳು ಉದುರಿ ಹೋಗುತ್ತವೆ. ಉಳಿದುದರಲ್ಲಿ ಬೇಕಾದುದನ್ನು ಆರಿಸಿ ಎಂಟರ್ ಒತ್ತಿದರೆ ಆ ಹೆಸರನ್ನು ಅದು ಹೊರಗೆ ಕೊಡುತ್ತದೆ. ಇಷ್ಟೇ. ಆ ಹೆಸರಿನಿಂದ ಏನು ಮಾಡಬೇಕೆಂಬುದು ಮುಂದಿನ ತಂತ್ರಾಂಶದ ಕೆಲಸ. ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳ ಪಟ್ಟಿ ಕೊಟ್ಟು, ಹೊರಬಂದ ಹೆಸರನ್ನು ಚಾಲೂ ಮಾಡಿಸಿದರೆ ಅದು ಲಾಂಚರ್ ಆಗುತ್ತದೆ. ಹಾಡುಗಳ ಪಟ್ಟಿ ಕೊಟ್ಟರೆ ಹಾಡು ಆರಿಸುವ ಸಾಧನ. ಊರುಗಳ ಪಟ್ಟಿ ಕೊಟ್ಟರೆ ಊರು ಆರಿಸುವ ಸಾಧನ.

ಒಂದರ ಬಾಯಿಂದ ಬಂದುದನ್ನು ಇನ್ನೊಂದರ ಕಿವಿಗೆ ಕೊಡುವ ಈ ‘ಪೈಪ್’ ಪದ್ಧತಿ ಯುನಿಕ್ಸಿಗೆ ಬಂದದ್ದು 1973ರಲ್ಲಿ, ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಸೆಯಿಂದ. ಇಳಕಲ್ಲಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ; ಮೈಯ ಹಾಸು ನೂಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆಯಾಗಿ ತೊಡರಿಸಿ ಜೋಡಿಸುತ್ತಾರೆ. ಈ ಜೋಡಣೆಗೆ ನೇಕಾರರು ಕೊಟ್ಟ ಹೆಸರು ‘ಕೊಂಡಿ’. ಮೈ ತನ್ನ ಕೆಲಸ ಮಾಡುತ್ತದೆ, ಸೆರಗು ತನ್ನದನ್ನು ಮಾಡುತ್ತದೆ, ಕೊಂಡಿ ಗಟ್ಟಿಯಿದ್ದರೆ ಸೀರೆ ಒಂದಾಗಿ ನಿಲ್ಲುತ್ತದೆ. ಸಣ್ಣ ಸಣ್ಣ ತಂತ್ರಾಂಶಗಳನ್ನು ಕೊಂಡಿ ಹಾಕಿ ದೊಡ್ಡ ಕೆಲಸ ಮಾಡಿಸುವುದು ಯುನಿಕ್ಸಿನ ಜಾಣ್ಮೆ.

ಒಂದು ಉದಾಹರಣೆ ನೋಡೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ನಾಲ್ಕು ಹೆಸರುಗಳ ಪಟ್ಟಿ ಕೊಟ್ಟಿದ್ದೇವೆ ಎಂದುಕೊಳ್ಳಿ. ‘ಬಾ’ ಒತ್ತಿದರೆ ಹುನಗುಂದ, ಇಳಕಲ್ ಉದುರುತ್ತವೆ. ಉಳಿದದ್ದು ಎರಡು. ಒಂದು ಖಾಲಿ ಜಾಗ ಬಿಟ್ಟು ‘ಗ’ ಒತ್ತಿದರೆ ಬಾದಾಮಿಯೂ ಹೋಗಿ ಬಾಗಲಕೋಟೆಯೊಂದೇ ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಖಾಲಿ ಜಾಗ ಬಿಟ್ಟು ಒತ್ತಿದ ತುಣುಕುಗಳು ಹೆಸರಿನ ಯಾವ ಭಾಗದಲ್ಲಿದ್ದರೂ, ಯಾವ ಕ್ರಮದಲ್ಲಿದ್ದರೂ ಸಾಕು. ಪೂರ್ತಿ ಹೊಂದುವ ಹೆಸರನ್ನು ಮೊದಲು, ಆ ಅಕ್ಷರಗಳಿಂದ ಆರಂಭವಾಗುವುದನ್ನು ಅನಂತರ, ನಡುವೆಲ್ಲೋ ಅವು ಬರುವ ಹೆಸರನ್ನು ಕೊನೆಗೆ ಅದು ತೋರಿಸುತ್ತದೆ. ದಡಿ ಮೊದಲು ಹೇಳಿದರೂ ಬಣ್ಣ ಮೊದಲು ಹೇಳಿದರೂ ಅಂಗಡಿಯ ಕಾಕಾ ಅದೇ ಸೀರೆ ತೆಗೆಯುತ್ತಾನಲ್ಲ, ಹಾಗೆ.

ಬಾದಾಮಿಯ ಬಂಡೆ ಮತ್ತು ಒಡೆದ ಅಕ್ಷರ

ಇಲ್ಲಿಯವರೆಗೆ ಕತೆ ಸುಖವಾಗಿಯೇ ಸಾಗಿತು. ತೊಡಕು ಆರಂಭವಾಗುವುದು ಪಟ್ಟಿಯಲ್ಲಿ ಕನ್ನಡ ಬಂದಾಗ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನಗಳಿವೆ. ಅಲ್ಲಿನ ಸಂಸ್ಕೃತ ಶಾಸನ ಶಕವರ್ಷ 500ರದ್ದು, ಅಂದರೆ ಕ್ರಿ.ಶ. 578. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634-35ರದ್ದು. ಆ ಬಂಡೆಗಳ ಮುಂದೆ ನಿಂತು ನೋಡಿದರೆ ಲಿಪಿ ಓದಲು ಬಾರದವರಿಗೂ ಒಂದು ಸಂಗತಿ ಕಾಣುತ್ತದೆ: ಕೆಲವು ಅಕ್ಷರಗಳ ಅಡಿಗೆ ಇನ್ನೊಂದು ಅಕ್ಷರ ತೂಗಿಕೊಂಡಿದೆ. ಅದೇ ಒತ್ತಕ್ಷರ. ಉಳಿ ಹಿಡಿದ ಶಿಲ್ಪಿಗೆ ಅಕ್ಷರ ಎಂದರೆ ಸಾಲಾಗಿ ಇಟ್ಟ ಬಿಡಿ ಕಲ್ಲುಗಳಲ್ಲ, ಒಂದರ ಆಸರೆಯಲ್ಲಿ ಇನ್ನೊಂದು ನಿಲ್ಲುವ ಕಟ್ಟಡ ಎಂಬುದು ಹದಿನಾಲ್ಕು ಶತಮಾನಗಳ ಹಿಂದೆಯೇ ಗೊತ್ತಿತ್ತು.

ಕಂಪ್ಯೂಟರಿನ ಲೋಕ ಇದನ್ನು ಬಹಳ ತಡವಾಗಿ ಕಲಿಯಿತು. 1991ರಲ್ಲಿ ಯುನಿಕೋಡ್ ಮೊದಲ ಆವೃತ್ತಿ ಬಂದಾಗ ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಯುನಿಕೋಡಿನಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಸಂಕೇತಗಳಾಗಿ ಕೂರುತ್ತದೆ: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಈ ಆರನ್ನು ಕೂಡಿಸಿ ನಮ್ಮ ಕಣ್ಣಿಗೆ ಒಂದಾಗಿ ಕಾಣುವಂತೆ ಕಟ್ಟುವುದು ಪ್ರತ್ಯೇಕ ಕೆಲಸ. ವಿಂಡೋಸಿನಲ್ಲಿ ಕನ್ನಡಕ್ಕೆ ಆ ಸೌಲಭ್ಯ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ‘ತುಂಗಾ’ ಎಂಬ ಅಕ್ಷರಶೈಲಿಯ ಜೊತೆಗೆ. ಮುಕ್ತ ತಂತ್ರಾಂಶದ ಲೋಕದಲ್ಲಿ ಈ ಕೆಲಸ ಮಾಡುವ ಮುಖ್ಯ ತಂತ್ರಾಂಶದ ಹೆಸರು ‘ಹರ್ಫ್‌ಬಜ್’. ಉರ್ದು ಬಲ್ಲ ಓದುಗರ ಕಿವಿ ಇಲ್ಲಿ ನಿಮಿರಬಹುದು. ಹೌದು, ಅದು ಪಾರಸಿ ಹೆಸರೇ. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಇಸ್ಫಹಬೋದ್ ಇದನ್ನು ಬೆಳೆಸಿದವರಲ್ಲಿ ಪ್ರಮುಖರು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನುಗಳು, ಎಲ್ಲೆಲ್ಲೂ ಅದೇ ಕನ್ನಡದ ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತದೆ. ಪಾರಸಿ ಹೆಸರಿನ ಸಾಧನವೊಂದು ಕನ್ನಡದ ಒತ್ತಕ್ಷರವನ್ನು ಕಾಯುತ್ತಿದೆ ಎಂಬುದು ಭಾಷೆಗಳನ್ನು ಧರ್ಮಗಳಿಗೆ ಹಂಚಿಕೊಡಲು ಹೊರಟವರು ತಿಳಿದಿರಬೇಕಾದ ಸಂಗತಿ.

ಆದರೆ ಡಿಮೆನು ಇದನ್ನು ಬಳಸುವುದಿಲ್ಲ. ಸರಳತೆಯ ವ್ರತ ಹಿಡಿದ ಅದು ಎಕ್ಸ್‌ಎಫ್‌ಟಿ ಎಂಬ ಹಳೆಯ ವ್ಯವಸ್ಥೆಯ ಮೂಲಕ ಸಂಕೇತಕ್ಕೊಂದರಂತೆ ಚಿತ್ರ ಇಡುತ್ತಾ ಹೋಗುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಅಡಿಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಗುಣಿತದ ಚಿಹ್ನೆ ತನ್ನ ಅಕ್ಷರದಿಂದ ಬೇರೆಯಾಗುತ್ತದೆ. ‘ಇಳಕಲ್ಲು’ ಎಂದು ಬರೆದರೆ ಲಕಾರದ ಒತ್ತು ಕಳಚಿ ಬೀಳುತ್ತದೆ. ಉರ್ದುವಿನ ಪಾಡೂ ಭಿನ್ನವಲ್ಲ: ಕೈಹಿಡಿದು ನಡೆಯಬೇಕಾದ ಹರ್ಫ್‌ಗಳು ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ನಿಲ್ಲುತ್ತವೆ. ಮನೆಯಲ್ಲಿ ದಖನಿ ಮಾತಾಡಿ, ಮದರಸದಲ್ಲಿ ಉರ್ದು ಓದಿ, ಶಾಲೆಯಲ್ಲಿ ಕನ್ನಡ ಬರೆಯುವ ನಮ್ಮ ಮಗುವಿಗೆ ಈ ತಂತ್ರಾಂಶ ಎರಡು ಸಲ ಅಪರಿಚಿತ.

ಇದು ಯಾರ ದುರುದ್ದೇಶವೂ ಅಲ್ಲ. ಸಣ್ಣ ತಂತ್ರಾಂಶ ಬೇಕೆಂದವರು ಯಾವುದನ್ನು ‘ಬೇಡದ ಆಡಂಬರ’ ಎಂದು ಬಿಟ್ಟರೋ ಅದು ನಮ್ಮ ಪಾಲಿಗೆ ಅಕ್ಷರವೇ ಆಗಿತ್ತು, ಅಷ್ಟೆ. ಸರಳತೆ ಯಾರ ಅಳತೆಯಲ್ಲಿ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕಾಗುತ್ತದೆ. ಅದೃಷ್ಟವಶಾತ್, ಮುಕ್ತ ತಂತ್ರಾಂಶದಲ್ಲಿ ಒಬ್ಬರು ಬಿಟ್ಟುದನ್ನು ಇನ್ನೊಬ್ಬರು ಸೇರಿಸಬಹುದು. ಡೇವ್ ಡೇವನ್‌ಪೋರ್ಟ್ ಬೆಳೆಸಿದ ‘ರೋಫಿ’ ಎಂಬ ತಂತ್ರಾಂಶ ಡಿಮೆನುವಿನ ಜಾಗದಲ್ಲಿ ನಿಂತು ಅದೇ ಕೆಲಸ ಮಾಡಬಲ್ಲದು. ಅದು ಅಕ್ಷರ ಮೂಡಿಸಲು ‘ಪ್ಯಾಂಗೋ’ ಎಂಬ ವ್ಯವಸ್ಥೆಯನ್ನು ಬಳಸುವುದರಿಂದ, ಅದರ ಹಿಂದೆ ಹರ್ಫ್‌ಬಜ್ ಇರುವುದರಿಂದ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಹೆಸರು ಯಾವ ಭಾಷೆಯಲ್ಲಿದೆ?

ಇನ್ನೊಂದು ಸೂಕ್ಷ್ಮವೂ ಇದೆ. ಡಿಮೆನು ತೋರಿಸುವುದು ಕಂಪ್ಯೂಟರಿನೊಳಗಿನ ಆಜ್ಞೆಗಳ ನಿಜನಾಮಗಳನ್ನು, ಅವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಆದರೆ ಲಿನಕ್ಸಿನಲ್ಲಿ ಅನೇಕ ತಂತ್ರಾಂಶಗಳ ಜೊತೆಗೆ ಒಂದು ಪುಟ್ಟ ಪರಿಚಯಪತ್ರ ಇರುತ್ತದೆ. ಅದರಲ್ಲಿ ತಂತ್ರಾಂಶದ ಹೆಸರನ್ನು ಹಲವು ಭಾಷೆಗಳಲ್ಲಿ ಬರೆದಿಡಬಹುದು, ಕನ್ನಡದಲ್ಲೂ ಸಹ. ರೋಫಿಯಂತಹ ಲಾಂಚರ್ ಆ ಪರಿಚಯಪತ್ರವನ್ನು ಓದಿ, ಕಂಪ್ಯೂಟರಿನ ಭಾಷೆ ಕನ್ನಡವಾಗಿದ್ದರೆ ಕನ್ನಡದ ಹೆಸರನ್ನೇ ತೋರಿಸುತ್ತದೆ. ಗ್ನೋಮ್, ಕೆಡಿಇ ಮುಂತಾದ ಮುಕ್ತ ಯೋಜನೆಗಳಲ್ಲಿ ಕನ್ನಡದ ಸ್ವಯಂಸೇವಕರು ಕುಳಿತು ಇಂತಹ ಸಾವಿರಾರು ಸಾಲುಗಳನ್ನು ಅನುವಾದಿಸಿದ್ದಾರೆ. ಅವರ ಹೆಸರು ಎಲ್ಲಿಯೂ ಮೆರೆಯುವುದಿಲ್ಲ. ಆದರೆ ಹುನಗುಂದದ ಕನ್ನಡ ಶಾಲೆಯ ಹುಡುಗಿಯೊಬ್ಬಳು ‘ಕಡತ’ ಎಂದು ಒತ್ತಿ ತನಗೆ ಬೇಕಾದುದನ್ನು ತೆರೆಯಬಲ್ಲಳಾದರೆ ಅದು ಅವರ ದುಡಿಮೆಯ ಫಲ.

ಒತ್ತುವುದಾದರೂ ಹೇಗೆ? ಇದರ ಶ್ರೇಯಸ್ಸು ಸಲ್ಲಬೇಕಾದದ್ದು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರಿಗೆ. ಇಂಗ್ಲಿಷ್ ಕೀಲಿಗಳ ಧ್ವನಿಯನ್ನೇ ಅನುಸರಿಸಿ, 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಅಡಗಿಸಿದ ವಿನ್ಯಾಸ ಅವರದು. ಅದನ್ನು ಅವರು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಕಚೇರಿಗಳನ್ನು ಮುಟ್ಟಿತು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಅದು ಸೇರಿಕೊಂಡಿದೆ.

‘ಹೆಸರು ಇಲ್ರಿ’

ಇದೆಲ್ಲ ಕಂಪ್ಯೂಟರ್ ಆಸಕ್ತರ ಮಾತಾಯಿತು, ಸಾಮಾನ್ಯರಿಗೇನು ಎಂದು ಓದುಗರು ಕೇಳಬಹುದು. ನಾವು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ವೃದ್ಧ ನೇಕಾರರೊಬ್ಬರ ಜೊತೆ ನಾವು ಒಂದು ಕಚೇರಿಗೆ ಹೋಗಿದ್ದೆವು. ಫಲಾನುಭವಿಗಳ ಪಟ್ಟಿಯಲ್ಲಿ ಅವರ ಹೆಸರು ಇದೆಯೇ ಎಂದು ನೋಡಬೇಕಿತ್ತು. ಕಂಪ್ಯೂಟರಿನ ಮುಂದಿದ್ದ ಹುಡುಗ ಹೆಸರು ಕೇಳಿ ಪಟಪಟನೆ ಒತ್ತಿದ. ಪರದೆ ಖಾಲಿಯಾಯಿತು.

“ಅಜ್ಜಾರ, ನಿಮ್ಮ ಹೆಸರು ಇದರಾಗ ಇಲ್ರಿ.”

“ಇಲ್ಲಂದ್ರ ಹ್ಯಾಂಗ ತಮ್ಮಾ? ಹೋದ ವರ್ಷ ಇತ್ತಲ್ಲಪಾ.”

“ನಾನೇನ್ ಮಾಡ್ಲಿರಿ? ಕಂಪ್ಯೂಟರ್ ಇಲ್ಲ ಅಂತೈತಿ.”

ಅಜ್ಜ ಸುಮ್ಮನಾದರು. ಐವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ದುಡಿದವರಿಗೆ, ನೀನು ಇಲ್ಲ ಎಂದು ಯಂತ್ರವೊಂದು ಹೇಳಿತ್ತು. ಹುಡುಗನದೂ ತಪ್ಪಲ್ಲ, ಅವನು ಒರಟಾಗಿಯೂ ಮಾತಾಡಲಿಲ್ಲ. ಆ ತಂತ್ರಾಂಶ ಡಿಮೆನು ಆಗಿರಲಿಲ್ಲ ನಿಜ, ಆದರೆ ಕೆಲಸ ಮಾಡುವ ಸೂತ್ರ ಅದೇ: ಒತ್ತಿದ ಅಕ್ಷರ ಪಟ್ಟಿಯ ಅಕ್ಷರಕ್ಕೆ ಹೊಂದಬೇಕು. ಹೊಂದದಿದ್ದರೆ ಹೆಸರು ಉದುರುತ್ತದೆ.

ಅವರ ಹೆಸರನ್ನು ಇಲ್ಲಿ ಬದಲಿಸಿ ಹೇಳುತ್ತೇವೆ. ಒಂದು ದಾಖಲೆಯಲ್ಲಿ ‘ಹುಸೇನಸಾಬ’ ಎಂದಿರುತ್ತದೆ, ಇನ್ನೊಂದರಲ್ಲಿ ‘ಹುಸೇನ್‌ಸಾಬ್’, ಮತ್ತೊಂದರಲ್ಲಿ ‘ಹುಸೈನ್ ಸಾಹೇಬ’. ಮೂವರೂ ಒಬ್ಬರೇ. ‘ಹುಸೇನಸಾಬ’ ಎಂದು ಪೂರ್ತಿ ಒತ್ತಿದರೆ ಉಳಿದೆರಡು ಕಾಣುವುದೇ ಇಲ್ಲ. ಮುಸ್ಲಿಮರ ಹೆಸರುಗಳು ಅರಬಿಯಿಂದ ಹೊರಟು, ದಖನಿ ನಾಲಿಗೆಯಲ್ಲಿ ಹೊರಳಿ, ಕನ್ನಡ ಶಾಲೆಯ ಹಾಜರಿಪಟ್ಟಿಯಲ್ಲಿ ಒಂದು ರೂಪ ಪಡೆದು, ಇಂಗ್ಲಿಷಿನಲ್ಲಿ ಇನ್ನೊಂದು ರೂಪ ತಾಳಿ, ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ಮೂರನೆಯದಾಗಿರುತ್ತವೆ. ಊರ ಹೆಸರುಗಳೂ ಇದಕ್ಕೆ ಹೊರತಲ್ಲ. ಇಳಕಲ್, ಇಲಕಲ್ಲ, ಇಲ್ಕಲ್. ಕನ್ನಡದ ಹುನಗುಂದ ಇಂಗ್ಲಿಷಿನಲ್ಲಿ ನಡುವಿನ ಅಕಾರವನ್ನು ಕಳೆದುಕೊಂಡು ಬೇರೆಯೇ ಆಗುತ್ತದೆ. 2014ರ ನವೆಂಬರ್ 1ರಿಂದ ವಿಜಾಪುರ ವಿಜಯಪುರವಾಯಿತು, ಹಳೆಯ ದಾಖಲೆಗಳಲ್ಲಿ ವಿಜಾಪುರವಾಗಿಯೇ ಉಳಿಯಿತು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಹಳೆ ಬಾಗಲಕೋಟೆಯ ಕುಟುಂಬಗಳು ನವನಗರಕ್ಕೆ ಹೋದಾಗ ಓಣಿಯ ಹೆಸರುಗಳ ಜಾಗದಲ್ಲಿ ಸೆಕ್ಟರ್ ಸಂಖ್ಯೆಗಳು ಬಂದವು. ಹಳೆಯ ವಿಳಾಸವನ್ನು ಒತ್ತಿದರೆ ಯಂತ್ರಕ್ಕೆ ಏನೂ ಹೊಳೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕೂ ಉಂಟು. ‘ಕೋಟೆ’ಯ ‘ಕೋ’ ಅಕ್ಷರವನ್ನು ಯುನಿಕೋಡಿನಲ್ಲಿ ಒಂದೇ ದೀರ್ಘ ಓಕಾರ ಚಿಹ್ನೆಯಿಂದಲೂ ಬರೆಯಬಹುದು, ಹ್ರಸ್ವ ಒಕಾರದ ಮುಂದೆ ದೀರ್ಘದ ಗುರುತು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಒಳಗಿನ ಸಂಕೇತಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಎರಡೂ ಬೇರೆ. ಯುನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಟ್ಟಿಗಳಂತೂ ಪರಿವರ್ತನೆಯಾಗದ ಹೊರತು ಇಂದಿನ ಹುಡುಕಾಟಕ್ಕೆ ದಕ್ಕುವುದೇ ಇಲ್ಲ.

ಆ ದಿನ ನಾವು ಹುಡುಗನಿಗೆ ಒಂದು ಮಾತು ಹೇಳಿದೆವು: “ಪೂರ್ತಿ ಹೆಸರು ಹೊಡಿಬ್ಯಾಡಪಾ. ಬರೇ ‘ಹುಸ’ ಅಂತ ಹೊಡಿ, ನೋಡೂಣು.” ಅವನು ಹಾಗೇ ಮಾಡಿದ. ಹತ್ತಾರು ಹೆಸರುಗಳು ಇಳಿದು ಬಂದವು. ನಾಲ್ಕನೆಯದು ಅಜ್ಜನದೇ. ತಂದೆಯ ಹೆಸರು, ಓಣಿ ಎಲ್ಲವೂ ಹೊಂದಿತು. ಅಜ್ಜ ಪರದೆಯ ಹತ್ತಿರ ಬಾಗಿ, ಓದಲು ಬಾರದಿದ್ದರೂ ಆ ಸಾಲನ್ನೇ ನೋಡುತ್ತಾ ನಿಂತರು.

ಕಡಿಮೆ ಒತ್ತಿ, ಹೆಚ್ಚು ನೋಡಿ

ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ಎರಡು. ಮೊದಲನೆಯದು ಬಳಸುವವರಿಗೆ. ಹೆಸರು ಒತ್ತಿ ಹುಡುಕುವಾಗ ಎಷ್ಟು ಕಡಿಮೆ ಒತ್ತಿದರೆ ಅಷ್ಟು ಒಳ್ಳೆಯದು. ಡಿಮೆನುವಿನಂತೆ ತುಣುಕುಗಳನ್ನು ಒಪ್ಪುವ ತಂತ್ರಾಂಶವಾದರೆ ‘ಹುಸ ಸಾ’ ಎಂದರೆ ಮೇಲಿನ ಮೂರು ರೂಪಗಳೂ ಸಿಗುತ್ತವೆ. ‘ಕಲ’ ಎಂದರೆ ಇಳಕಲ್ಲಿನ ಮೂರೂ ರೂಪಗಳು ಸಿಗುತ್ತವೆ. ‘ಗುಂದ’ ಎಂದರೆ ಹುನಗುಂದ ತಪ್ಪಿಸಿಕೊಳ್ಳಲಾರದು. ಖಾಲಿ ಪರದೆಯ ಅರ್ಥ ‘ಇಲ್ಲ’ ಎಂದಲ್ಲ, ‘ಈ ಅಕ್ಷರಗಳಲ್ಲಿ ಇಲ್ಲ’ ಎಂದು ಮಾತ್ರ. ಪಂಚಾಯತಿ, ಸಹಕಾರ ಸಂಘ, ಶಾಲೆ, ಜಮಾತ್ ಕಮಿಟಿ, ಎಲ್ಲೇ ಆಗಲಿ ಕಂಪ್ಯೂಟರಿನ ಮುಂದೆ ಕೂರುವ ನಮ್ಮ ಯುವಕರಿಗೆ ಈ ವ್ಯತ್ಯಾಸವನ್ನು ಕಲಿಸುವುದು ಬಹಳ ಮುಖ್ಯ.

ಎರಡನೆಯ ಪಾಠ ಕಟ್ಟುವವರಿಗೆ. ಜಿಲ್ಲೆಯ ತಾಂತ್ರಿಕ ಕಾಲೇಜುಗಳಲ್ಲಿ ನಮ್ಮ ಮಕ್ಕಳು ಈಗ ದೊಡ್ಡ ಸಂಖ್ಯೆಯಲ್ಲಿ ಓದುತ್ತಿದ್ದಾರೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಿಂದೆಯೇ ಆರಂಭವಾದದ್ದು. ಡಿಮೆನು ಓದಿ ಮುಗಿಸಲಾರದಷ್ಟು ದೊಡ್ಡ ತಂತ್ರಾಂಶವಲ್ಲ. ವಿದ್ಯಾರ್ಥಿಯೊಬ್ಬ ಒಂದು ರಜೆಯಲ್ಲಿ ಅದನ್ನು ಸಾಲುಸಾಲಾಗಿ ಅರ್ಥಮಾಡಿಕೊಳ್ಳಬಹುದು. ಸ ಮತ್ತು ಶ, ಲ ಮತ್ತು ಳ, ಹ್ರಸ್ವ ಮತ್ತು ದೀರ್ಘಗಳನ್ನು ಹತ್ತಿರದವೆಂದು ಬಗೆದು, ‘ಇದು ಇರಬಹುದೇ?’ ಎಂದು ಕೇಳುವ ಪಟ್ಟಿಯೊಂದನ್ನು ಅದರ ಮಾದರಿಯಲ್ಲಿ ಕಟ್ಟಬಹುದು. ಅದನ್ನು ಕಟ್ಟಲು ಬೇಕಾದದ್ದು ಹೊರದೇಶದ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನಮ್ಮ ಓಣಿಗಳಲ್ಲಿ ಹೆಸರುಗಳನ್ನು ಹೇಗೆ ಕರೆಯುತ್ತಾರೆ ಎಂಬ ತಿಳಿವಳಿಕೆ. ಅದು ನಮ್ಮಲ್ಲಿ ಇದೆ.

ಅಂಗಡಿಯ ಕಾಕಾನನ್ನೇ ಮತ್ತೆ ನೆನೆಯೋಣ. ಹಳ್ಳಿಯ ಮುದುಕಿಯೊಬ್ಬಳು ಬಣ್ಣದ ಹೆಸರನ್ನು ತಪ್ಪಾಗಿ ಹೇಳಿದರೆ ಅವನು ‘ಇಲ್ಲ’ ಎಂದು ಕಳಿಸುವುದಿಲ್ಲ. “ಇದು ಏನವ್ವಾ?” ಎಂದು ಹತ್ತಿರದ ಒಂದನ್ನು ತೆಗೆದು ತೋರಿಸುತ್ತಾನೆ. ಕರೆಯುವವರ ನಾಲಿಗೆ ಅವನಿಗೆ ಗೊತ್ತು. ಯಂತ್ರ ಈಗಾಗಲೇ ಹೆಸರಿಗೆ ಓಗೊಡಲು ಕಲಿತಿದೆ. ನಮ್ಮ ನಾಲಿಗೆಯ ಹೆಸರಿಗೆ ಓಗೊಡಲು ಕಲಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.